ವೃತ್ತಿ ಗುರಿಗೆ ನಾಲ್ಕೈದು ಜನರ ಗುಂಪು: ಸಲಹೆಗಾರ್ತಿಯನ್ನು ಕೇಳಿ

ನಿರ್ವಾಹಕರು: ಕೆಲಸ ಹುಡುಕುವವರು, ಬದಲಿಸುವವರು ಸೇರಿ ಒಬ್ಬರಿಗೊಬ್ಬರು ಆಸರೆಯಾಗುವ ಸಣ್ಣ ಗುಂಪು ಕಟ್ಟುವ ಬಗ್ಗೆ ಇವತ್ತು ವೃತ್ತಿ ಸಲಹೆಗಾರ್ತಿ ಮೇಡಂ ಉತ್ತರಿಸುತ್ತಾರೆ.

ಎಸ್‌.ವಿ.: ನಮಸ್ಕಾರ ಮೇಡಂ. ಎಷ್ಟು ಜನ ಇದ್ದರೆ ಚೆನ್ನ? ವಾರವಾರ ಸೇರಬೇಕಾ?

ಸಲಹೆಗಾರ್ತಿ: ನಮಸ್ಕಾರ. ನಾಲ್ಕರಿಂದ ಆರು. ಮೂವರೇ ಆದರೆ ಒಬ್ಬರು ತಪ್ಪಿಸಿದ ದಿನ ಭೇಟಿಯೇ ನಿಲ್ಲುತ್ತದೆ. ಎಂಟಾದರೆ ಬಾಯಿ ಬಿಡದೆ ಎದ್ದುಹೋಗುವವರು ಹುಟ್ಟಿಕೊಳ್ಳುತ್ತಾರೆ. ಎರಡು ವಾರಕ್ಕೊಮ್ಮೆ ಸಾಕು, ದಿನ ಮಾತ್ರ ಬದಲಾಗಬಾರದು. ಭೇಟಿಯಲ್ಲಿ ಗುರಿ ಹೇಳುವಾಗ "ರೆಸ್ಯೂಮೆ ಸರಿ ಮಾಡ್ತೀನಿ" ಅಂದರೆ ಸಾಲದು. "ಬುಧವಾರ ರಾತ್ರಿ ಊಟ ಆದಮೇಲೆ ಕೂತು ಅನುಭವದ ಭಾಗ ಬರೀತೀನಿ" ಅನ್ನಬೇಕು. ಯಾವಾಗ, ಎಲ್ಲಿ ಎಂದು ಮೊದಲೇ ಗೊತ್ತುಮಾಡಿಕೊಂಡರೆ ಕೆಲಸ ಮುಗಿಯುವ ಸಾಧ್ಯತೆ ಹೆಚ್ಚು ಎಂದು ಮನಃಶಾಸ್ತ್ರಜ್ಞ ಪೀಟರ್ ಗಾಲ್‌ವಿಟ್ಸರ್ 1990ರ ದಶಕದಿಂದ ತೋರಿಸುತ್ತಾ ಬಂದಿದ್ದಾರೆ.

ಎನ್‌.: ಎಲ್ಲರೂ ಒಂದೇ ಕ್ಷೇತ್ರದವರಾಗಬೇಕಾ?

ಸಲಹೆಗಾರ್ತಿ: ಬೇಡ. ಒಂದೇ ಹುದ್ದೆಗೆ ಇಬ್ಬರು ಅರ್ಜಿ ಹಾಕುವಂತಿದ್ದರೆ ಯಾರೂ ಮನಸ್ಸು ಬಿಚ್ಚುವುದಿಲ್ಲ. ಕೆಲಸದ ಸುದ್ದಿ ಆಪ್ತರಿಗಿಂತ ದೂರದ ಪರಿಚಯದವರಿಂದ ಬರುವುದೇ ಹೆಚ್ಚು. ಸಮಾಜಶಾಸ್ತ್ರಜ್ಞ ಮಾರ್ಕ್ ಗ್ರನೊವೆಟರ್ ಇದನ್ನು 1973ರಲ್ಲೇ ಬರೆದಿದ್ದಾರೆ.

ಬಿ.ಜಿ.: ಫಾರ್ವರ್ಡ್ ಬಂದಿದ್ದು: 1953ರ ಯೇಲ್ ಪದವೀಧರರಲ್ಲಿ ಗುರಿ ಬರೆದಿಟ್ಟ 3% ಜನ ಉಳಿದ 97% ಜನರಿಗಿಂತ ಹೆಚ್ಚು ಸಂಪಾದಿಸಿದರಂತೆ. ಎಲ್ಲರೂ ಬರೆದಿಡಿ!

ಸಲಹೆಗಾರ್ತಿ: ಅಂಥ ಅಧ್ಯಯನ ನಡೆದೇ ಇಲ್ಲ. ದಯವಿಟ್ಟು ಮುಂದೆ ಕಳಿಸಬೇಡಿ.

ಕೆ.: ಮೇಡಂ, ನಮ್ಮದು ಐದು ಜನರ ಗುಂಪು. ಒಬ್ಬರಿಗೆ ಕೆಲಸ ಹೋಗಿದೆ. ಪ್ರತಿ ಸಲ "ಏನೂ ಮಾಡಲಿಲ್ಲ" ಅಂತಾರೆ. ಹೋದ ಸಲ "ನಾನಿದ್ದು ಯಾರಿಗೇನು ಉಪಯೋಗ" ಅಂದರು. ಗುರಿ ಮುಟ್ಟದವರಿಗೆ ದಂಡ ಹಾಕೋಣ ಅಂತ ಉಳಿದವರು ಹೇಳ್ತಿದ್ದಾರೆ. ಹಾಕಬಹುದಾ?

ಸಲಹೆಗಾರ್ತಿ: ಬೇಡ. ದಂಡದ ಮಾತು ಅವರ ಕಿವಿಗೂ ಬೀಳದಿರಲಿ. ಇದನ್ನು ಸೋಮಾರಿತನ ಅಂದುಕೊಳ್ಳಬೇಡಿ. ಕೆಲಸ ಕಳೆದುಕೊಂಡವರಲ್ಲಿ ಖಿನ್ನತೆ ಅಪರೂಪವಲ್ಲ, ಅದು ಬಂದವರಿಗೆ ಒಂದು ಇಮೇಲ್ ತೆರೆಯುವುದೂ ಭಾರ. ಇವತ್ತೇ ನೀವೊಬ್ಬರೇ ಮಾತಾಡಿ, ಗುಂಪಿನೆದುರು ಬೇಡ. ನಿದ್ದೆ, ಊಟ ಹೇಗಿದೆ ಕೇಳಿ. ಸಾಯುವ ಯೋಚನೆ ಬರುತ್ತಿದೆಯಾ ಎಂದು ನೇರವಾಗಿ ಕೇಳಿ. ಕೇಳಿದರೆ ಆ ಯೋಚನೆ ಹುಟ್ಟುತ್ತದೆ ಅನ್ನುವುದು ತಪ್ಪು, ಎಷ್ಟೋ ಜನರಿಗೆ ಹೇಳಿಕೊಳ್ಳಲು ದಾರಿ ಸಿಗುವುದೇ ಹಾಗೆ. ಹೌದು ಅಂದರೆ ಒಂಟಿಯಾಗಿ ಬಿಡಬೇಡಿ, ಮನೆಯವರಿಗೆ ತಿಳಿಸಿ, ಆಸ್ಪತ್ರೆಗೆ ಕರೆದುಕೊಂಡು ಹೋಗಿ. ಇಲ್ಲ ಅಂದರೂ ವೈದ್ಯರನ್ನು ಕಾಣುವಂತೆ ಮಾಡಿ, ಜೊತೆಗೆ ಹೋಗಿ. ನಿಮ್ಮ ಗುಂಪು ಅವರಿಗೆ ಆಸರೆ ಕೊಡಬಹುದು, ಚಿಕಿತ್ಸೆ ಕೊಡಲಾರದು. ಏನಾಯಿತು ಎಂದು ನನಗೆ ತಿಳಿಸಿ.

ಟಿ.ಆರ್‌.: ದಂಡ ಇಲ್ಲದಿದ್ದರೆ ಶಿಸ್ತು ಎಲ್ಲಿಂದ ಬರುತ್ತೆ? ನಮ್ಮ ಗುಂಪು ನಡೀತಿರೋದೇ ದಂಡದಿಂದ.

ಎನ್‌.: ನಿಮ್ಮಲ್ಲಿ ಎಷ್ಟು ಜನ ಬಿಟ್ಟುಹೋದರು, ಅದನ್ನೂ ಹೇಳಿ.

ಟಿ.ಆರ್‌.: ಬಿಟ್ಟವರು ಹೇಗಿದ್ದರೂ ಬಿಡ್ತಿದ್ದರು.

ಎನ್‌.: ಸೋತವರ ಜೇಬಿಗೆ ಕೈ ಹಾಕೋದು ಬೆಂಬಲ ಅಲ್ಲ ಸ್ವಾಮಿ.

ಟಿ.ಆರ್‌.: ನಾನು ನಿಮ್ಮನ್ನು ಕೇಳಲಿಲ್ಲ.

ಪಿ.: ಎಷ್ಟು ಜನ ಇರಬೇಕು ಮೇಡಂ?

ಸಲಹೆಗಾರ್ತಿ: ಮೊದಲ ಉತ್ತರ ನೋಡಿ.

ಎಚ್‌.: ನಮ್ಮ ಗುಂಪಿಗೆ ನನ್ನ ಮ್ಯಾನೇಜರ್ ಸೇರ್ತೀನಿ ಅಂತಿದ್ದಾರೆ. ಬೇಡ ಅನ್ನೋದು ಹೇಗೆ?

ಬಿ.ಜಿ.: ಯಾವುದನ್ನಾದರೂ 21 ದಿನ ಮಾಡಿ, ಅಭ್ಯಾಸವಾಗುತ್ತೆ. ಇದಂತೂ ಸಾಬೀತಾಗಿದೆ.

ಸಲಹೆಗಾರ್ತಿ: ಆಗಿಲ್ಲ. ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನವರು 2010ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಸರಾಸರಿ 66 ದಿನ ಹಿಡಿಯಿತು, ವ್ಯತ್ಯಾಸ 18ರಿಂದ 254 ದಿನ. 22ನೇ ದಿನ "ನನ್ನ ಕೈಲಾಗಲ್ಲ" ಎಂದು ಕೈಬಿಡುವವರನ್ನು ಇಂಥ ಫಾರ್ವರ್ಡ್‌ಗಳೇ ಸೃಷ್ಟಿಸುತ್ತವೆ. ಇನ್ನೊಂದು ಹಾಕಿದರೆ ನಾನು ಉತ್ತರಿಸುವುದಿಲ್ಲ.

ಟಿ.ಆರ್‌.: ದಂಡದ ಬಗ್ಗೆ ನೀವೇ ಹೇಳಿಬಿಡಿ ಮೇಡಂ.

ಸಲಹೆಗಾರ್ತಿ: ನಿಮ್ಮ ಗುಂಪಿನ ಎಲ್ಲರೂ ಮನಸಾರೆ ಒಪ್ಪಿದರೆ ಹಾಕಿಕೊಳ್ಳಿ. ಒಬ್ಬರ ಮೇಲೆ ಉಳಿದವರು ಹೇರುವುದು ಬೇಡ. ಈ ಚರ್ಚೆ ಇಲ್ಲಿಗೆ ನಿಲ್ಲಿಸಿ.

ಪಿ.: ವಾಟ್ಸಾಪಲ್ಲೇ ನಡೆಸಿದರೆ ಎಷ್ಟು ಜನ?

ಸಲಹೆಗಾರ್ತಿ: ಅಷ್ಟೇ ಜನ.

ಕೆ.: ಮೇಡಂ, ಮಾತಾಡಿದೆ. ಸಾಯುವ ಯೋಚನೆ ಇಲ್ಲ ಅಂದರು, ಆದರೆ ನಿದ್ದೆಯೇ ಇಲ್ಲವಂತೆ. ತುಂಬ ಅತ್ತರು. ನಾಳೆ ಇಬ್ಬರೂ ವೈದ್ಯರ ಹತ್ತಿರ ಹೋಗ್ತಿದ್ದೀವಿ. ಉಳಿದವರಿಗೆ ಏನು ಹೇಳಲಿ?

ಸಲಹೆಗಾರ್ತಿ: ಒಳ್ಳೆಯದು ಮಾಡಿದಿರಿ. ಅವರು ಒಪ್ಪಿದಷ್ಟನ್ನು ಮಾತ್ರ ಹೇಳಿ. ಭೇಟಿಗೆ ಕರೆಯುತ್ತಲೇ ಇರಿ, ಆದರೆ ಸದ್ಯಕ್ಕೆ ಗುರಿ ಕೇಳಬೇಡಿ. ನಾಳೆ ಹೋಗಿಬಂದ ಮೇಲೆ ಬರೆಯಿರಿ, ಕಾಯುತ್ತಿರುತ್ತೇನೆ.

ಎಚ್‌.: ನನ್ನ ಪ್ರಶ್ನೆಗೆ ಉತ್ತರ ಬರಲಿಲ್ಲ.