‘ಸ್ಟ್ರೇಟ್’: ಜಲಸಂಧಿಯೊಳಗಿನ ಇಕ್ಕಟ್ಟು

ಒಂದು ಅನುವಾದದ ಕರಡು ತಿದ್ದುತ್ತಿದ್ದೆ. ‘ಸ್ಟ್ರೇಟ್ ಆಫ್ ಹಾರ್ಮುಜ್’ ಎಂದಿದ್ದಲ್ಲಿ ಹಾರ್ಮುಜ್ ಜಲಸಂಧಿ ಎಂದು ಸರಿಯಾಗಿಯೇ ಬಂದಿತ್ತು. ಮುಂದೆ ಒಂದು ಕುಟುಂಬ ‘ಡೈರ್ ಸ್ಟ್ರೇಟ್ಸ್’ನಲ್ಲಿತ್ತು, ಅಂದರೆ ತೀವ್ರ ಕಷ್ಟದಲ್ಲಿತ್ತು, ಎಂಬ ವಾಕ್ಯ. ಅಲ್ಲಿ ಅನುವಾದಕರು ‘ಭೀಕರ ಜಲಸಂಧಿಗೆ ಸಿಕ್ಕ ಹಡಗಿನಂತಾಗಿತ್ತು’ ಎಂದು ಬರೆದಿದ್ದರು. ಮೂಲದಲ್ಲಿ ಹಡಗು ಇರಲಿಲ್ಲ. ಕಷ್ಟ ಎಂಬ ಅರ್ಥ ಕಡಲಿನಿಂದಲೇ ಬಂದಿರಬೇಕು ಎಂದು ಅವರು ಊಹಿಸಿದ್ದರು. ಪದದ ಬೇರು ಹುಡುಕುವವರೆಗೆ ನಾನೂ ಹಾಗೆಯೇ ನಂಬಿದ್ದೆ.

ಬೇರಿನಲ್ಲಿ ನೀರಿನ ಹನಿಯೂ ಇಲ್ಲ. ಲ್ಯಾಟಿನ್ನಿನ ‘ಸ್ಟ್ರಿಂಗೆರೆ’ ಎಂದರೆ ಬಿಗಿಯುವುದು, ಎಳೆದು ಕಟ್ಟುವುದು. ಅದರಿಂದ ‘ಸ್ಟ್ರಿಕ್ಟುಸ್’, ಅಂದರೆ ಬಿಗಿಯಾದದ್ದು. ಅದು ಹಳೆಯ ಫ್ರೆಂಚಿನ ಬಾಯಲ್ಲಿ ಸವೆದು, ಇಂಗ್ಲಿಷಿಗೆ ಬಂದು ‘ಸ್ಟ್ರೇಟ್’ ಆಯಿತು. ಆಗ ಅದು ವಿಶೇಷಣವೂ ಹೌದು: ಬಿಗಿಯಾದ ಉಡುಪು, ಕಿರಿದಾದ ದಾರಿ, ಕಟ್ಟುನಿಟ್ಟಿನ ನಿಯಮ, ಎಲ್ಲಕ್ಕೂ ಸಲ್ಲುತ್ತಿತ್ತು. ಎರಡು ದಡಗಳ ನಡುವೆ ಬಿಗಿದ ನೀರಿಗೆ ಅದೇ ಪದ ಅಂಟಿಕೊಂಡದ್ದು ಅದರ ಹಲವು ಕೆಲಸಗಳಲ್ಲಿ ಒಂದು, ಅಷ್ಟೆ. ಕಷ್ಟದ ಅರ್ಥವೂ ಆ ಬಿಗಿತದಿಂದಲೇ ಹುಟ್ಟಿದ್ದು. ನೀರಿನ ‘ಸ್ಟ್ರೇಟ್’ ಮತ್ತು ಸಂಕಷ್ಟದ ‘ಸ್ಟ್ರೇಟ್’ ಅಕ್ಕತಂಗಿಯರು, ತಾಯಿಮಗಳಲ್ಲ.

ಇದೇ ಲ್ಯಾಟಿನ್ ಪದ ಮತ್ತೊಮ್ಮೆ, ಈ ಸಲ ಫ್ರೆಂಚಿನಲ್ಲಿ ಸವೆಯದೆ, ನೇರವಾಗಿ ಇಂಗ್ಲಿಷಿಗೆ ಬಂದು ‘ಸ್ಟ್ರಿಕ್ಟ್’ ಆಯಿತು. ‘ಡಿಸ್ಟ್ರೆಸ್’, ‘ಡಿಸ್ಟ್ರಿಕ್ಟ್’ ಕೂಡ ಇದೇ ಬಳ್ಳಿಯ ಕಾಯಿಗಳು. ಫ್ರೆಂಚಿನಲ್ಲಿ ಜಲಸಂಧಿಗೆ ‘ದೆತ್ರುವಾ’ ಎನ್ನುತ್ತಾರೆ. 1701ರಲ್ಲಿ ಫ್ರೆಂಚರು ಎರಡು ಸರೋವರಗಳ ನಡುವಿನ ಕಿರಿದಾದ ಹರಿವಿನ ದಡದಲ್ಲಿ ಕೋಟೆ ಕಟ್ಟಿದಾಗ ಆ ಜಾಗಕ್ಕೆ ಅಂಟಿದ ಹೆಸರು ಅದು. ಈಗಿನ ಅಮೆರಿಕದ ಡೆಟ್ರಾಯಿಟ್ ನಗರ ಹೆಸರಿನಲ್ಲಿ ಇಂದಿಗೂ ಜಲಸಂಧಿಯೇ.

ಸಾಮಾನ್ಯವಾಗಿ ಎಡವುವುದು ಇದರ ಜೊತೆಗಾರ ಪದದಲ್ಲಿ. ನೆಟ್ಟಗೆ ಎಂಬ ಅರ್ಥದ, ಜಿ-ಎಚ್ ಸೇರಿದ ಕಾಗುಣಿತದ ‘ಸ್ಟ್ರೇಟ್’ ಅಪ್ಪಟ ಇಂಗ್ಲಿಷ್ ಪದ, ‘ಸ್ಟ್ರೆಚ್’ ಎಂಬ ಕ್ರಿಯಾಪದದ ಹಳೆಯ ಕೃದಂತ. ಎಳೆದು ಚಾಚಿದ್ದು ನೆಟ್ಟಗಾಗುತ್ತದಲ್ಲ, ಹಾಗೆ. ಉಚ್ಚಾರ ಒಂದೇ ಆದ್ದರಿಂದ ಇಂಗ್ಲಿಷರೇ ಇವೆರಡನ್ನು ಬೆರೆಸಿದ್ದಾರೆ. 1611ರ ಕಿಂಗ್ ಜೇಮ್ಸ್ ಬೈಬಲಿನ ಮತ್ತಾಯನ ಸುವಾರ್ತೆಯಲ್ಲಿ (7:14) ಜೀವಕ್ಕೆ ಹೋಗುವ ಬಾಗಿಲು ‘ಸ್ಟ್ರೇಟ್’, ದಾರಿ ‘ನ್ಯಾರೋ’. ಅಲ್ಲಿರುವುದು ಜಿ-ಎಚ್ ಇಲ್ಲದ್ದು. ಆದರೆ ಅದರಿಂದ ಹುಟ್ಟಿದ ‘ಸ್ಟ್ರೇಟ್ ಅಂಡ್ ನ್ಯಾರೋ’ ಎಂಬ ನುಡಿಗಟ್ಟನ್ನು ಈಗ ಹೆಚ್ಚಿನವರು ಜಿ-ಎಚ್ ಸೇರಿಸಿಯೇ ಬರೆಯುತ್ತಾರೆ. ಇಕ್ಕಟ್ಟಿನ ಬಾಗಿಲು ನೆಟ್ಟನೆಯ ದಾರಿಯಾಗಿಬಿಟ್ಟಿತು!

ಹೆಸರಿನಲ್ಲಿ ಇಕ್ಕಟ್ಟಿದೆ ಎಂದು ಕಣ್ಣಿಗೂ ಹಾಗೆ ಕಾಣಬೇಕಿಲ್ಲ. ಇಸ್ತಾಂಬುಲಿನ ಬಾಸ್ಫರಸ್ ಜಲಸಂಧಿ ಅತಿ ಕಿರಿದಾದ ಕಡೆ ಸುಮಾರು 700 ಮೀಟರ್, ಇಂಗ್ಲೆಂಡ್, ಫ್ರಾನ್ಸ್‌ಗಳ ನಡುವಿನ ಡೋವರ್ ಸುಮಾರು 33 ಕಿಲೋಮೀಟರ್. ಗ್ರೀನ್‌ಲ್ಯಾಂಡ್ ಪಕ್ಕದ ಡೇವಿಸ್ ಜಲಸಂಧಿ ಎಲ್ಲಿಯೂ 300 ಕಿಲೋಮೀಟರಿಗಿಂತ ಕಿರಿದಾಗುವುದಿಲ್ಲ. ಎರಡು ತುದಿಗಳ ಸಾಗರಕ್ಕೆ ಹೋಲಿಸಿದರೆ ಮಾತ್ರ ಅದು ಇಕ್ಕಟ್ಟು.

ಹೆಸರಿಟ್ಟವರ ಕಣ್ಣು ಎಲ್ಲಿತ್ತು ಎನ್ನುವುದೂ ನೋಡತಕ್ಕದ್ದೇ. ಇಂಥದೇ ನೀರಿಗೆ ಇಂಗ್ಲಿಷಿನಲ್ಲಿ ‘ಸೌಂಡ್’ ಎಂದೂ ಹೇಳುವುದುಂಟು. ಅದಕ್ಕೂ ಸದ್ದಿಗೂ ಸಂಬಂಧವಿಲ್ಲ. ಹಳೆಯ ನಾರ್ಸ್ ಭಾಷೆಯ ‘ಸುಂಡ್’ ಎಂದರೆ ಈಜು, ಜಲಸಂಧಿ ಎರಡೂ. ಡೆನ್ಮಾರ್ಕ್, ಸ್ವೀಡನ್‌ಗಳ ನಡುವಿನ ಓರೆಸುಂಡ್ ಹೆಸರಿನ ಕೊನೆಯಲ್ಲಿರುವುದು ಅದೇ. ‘ಚಾನೆಲ್’ ಬಂದದ್ದು ಜೊಂಡಿನ ಕೊಳವೆಯಿಂದ. ಒಬ್ಬರಿಗೆ ಬಿಗಿತ ಕಂಡಿತು, ಒಬ್ಬರಿಗೆ ಈಜು, ಇನ್ನೊಬ್ಬರಿಗೆ ಕೊಳವೆ.

ನಮ್ಮ ‘ಜಲಸಂಧಿ’ ಕಂಡದ್ದು ಕೂಡುವುದನ್ನು: ಎರಡು ಸಮುದ್ರಗಳು ಸೇರುವ ಗೆಣ್ಣು. ವ್ಯಾಕರಣದಲ್ಲಿ ಅಕ್ಷರಗಳು ಸೇರುವುದೂ ಸಂಧಿ, ಮೈಯಲ್ಲಿ ಮೂಳೆಗಳು ಸೇರುವುದೂ ಸಂಧಿ. ಇಲ್ಲಿ ಇಕ್ಕಟ್ಟಿನ ಮಾತೇ ಇಲ್ಲ ಎಂದು ಮೊದಲು ಅನ್ನಿಸಿತು. ಆದರೆ ಅದೇ ಸಂಧಿ ಕನ್ನಡದ ನಾಲಿಗೆಯಲ್ಲಿ ತದ್ಭವವಾಗಿ ‘ಸಂದಿ’ ಆದಾಗ ಏನಾಯಿತು ನೋಡಿ: ಗೋಡೆಗಳ ನಡುವಿನ ಸಂದಿ, ಹಲ್ಲಿನ ಸಂದಿ, ಸಂದಿಗೊಂದಿ. ಕೂಡುವ ಜಾಗವೇ ಕಿರಿದಾದ ಜಾಗವಾಯಿತು. ಹಾಗಾಗಿ ಸಂಸ್ಕೃತದ ಕಿವಿಗೆ ಬರೀ ಕೂಡಿಕೆಯಾದ ಜಲಸಂಧಿ ಕನ್ನಡದ ಕಿವಿಗೆ ನೀರಿನ ಸಂದಿಯೂ ಹೌದು. ಈ ಪದ ನನಗೆ ಈಗ ಮೊದಲಿಗಿಂತ ಪ್ರಿಯ.

ಇನ್ನು ಕಷ್ಟದ ಅರ್ಥ. ಬಿಗಿತದಿಂದ ನೋವಿಗೆ ಹೋಗುವ ದಾರಿಯನ್ನು ಇಂಗ್ಲಿಷ್ ಒಂದೇ ತುಳಿದಿಲ್ಲ. ‘ಆಂಗ್ವಿಶ್’ ಎಂಬ ತೀವ್ರ ವೇದನೆಯ ಪದ ಬಂದದ್ದು ಕಿರಿದುತನ ಎಂಬ ಅರ್ಥದ ಲ್ಯಾಟಿನ್ ‘ಅಂಗುಸ್ತಿಯಾ’ದಿಂದ. ನಾವು ದಿನಾ ಆಡುವ ‘ಸಂಕಟ’ಕ್ಕೆ ಸಂಸ್ಕೃತದಲ್ಲಿ ಕಿರಿದಾದ, ಇಕ್ಕಟ್ಟಾದ ಎಂಬ ಅರ್ಥವಿದೆ, ಕಿರಿದಾದ ಹಾದಿಗೂ ಅದೇ ಪದ. ಹೊಟ್ಟೆಸಂಕಟ ಎನ್ನುವಾಗ ಆ ಹಾದಿ ಯಾರ ನೆನಪಿಗೂ ಬರುವುದಿಲ್ಲ. ಅಚ್ಚಗನ್ನಡದ ‘ಇಕ್ಕಟ್ಟು’ ಮಾತ್ರ ಎರಡನ್ನೂ ಬಿಟ್ಟುಕೊಟ್ಟಿಲ್ಲ. ಕೋಣೆ ಇಕ್ಕಟ್ಟಾಗಿದೆ ಎನ್ನುತ್ತೇವೆ, ಇಕ್ಕಟ್ಟಿಗೆ ಸಿಕ್ಕಿಕೊಂಡೆ ಎಂದೂ ಎನ್ನುತ್ತೇವೆ. ಹಳೆಯ ‘ಸ್ಟ್ರೇಟ್’ ಮಾಡುತ್ತಿದ್ದ ಕೆಲಸವೂ ಇದೇ. ಕನ್ನಡ ಬೈಬಲಿನಲ್ಲೂ ಆ ಬಾಗಿಲಿಗೆ ಇದೇ ಪದ.

ಕರಡಿನಲ್ಲಿ ಹಾರ್ಮುಜ್ ಜಲಸಂಧಿಯನ್ನು ಹಾಗೆಯೇ ಬಿಟ್ಟೆ. ಹಡಗನ್ನು ತೆಗೆದು ‘ಕುಟುಂಬ ಭಾರೀ ಇಕ್ಕಟ್ಟಿಗೆ ಸಿಕ್ಕಿತ್ತು’ ಎಂದು ತಿದ್ದಿದೆ. ‘ಬಿಕ್ಕಟ್ಟು’ ಬೇಡವೆಂದದ್ದು ಅದು ಈಗ ಸರ್ಕಾರಗಳ, ದೇಶಗಳ ಸುದ್ದಿಗೆ ಹೆಚ್ಚು ಒಗ್ಗಿಹೋಗಿದೆ ಎಂದು. ಬಾಡಿಗೆ ಕಟ್ಟಲಾಗದ ಮನೆಯ ಸಂಕಟಕ್ಕೆ ಇಕ್ಕಟ್ಟೇ ಹತ್ತಿರ ಎಂದು ನನ್ನ ಎಣಿಕೆ. ಇದಕ್ಕಿಂತ ಹೊಂದುವ ಮಾತು ತೋರಿದವರು ತಿಳಿಸಿ, ಕರಡು ಇನ್ನೂ ನನ್ನ ಬಳಿಯೇ ಇದೆ.