ಮಗಳು ಓದುತ್ತಿದ್ದಾಳೋ, ಊಹಿಸುತ್ತಿದ್ದಾಳೋ?

ಪುಟ್ಟಿಯ ಅಮ್ಮ, ಮೈಸೂರು:
ಮಗಳು ಒಂದನೇ ಕ್ಲಾಸು. ಇಂಗ್ಲಿಷ್ ಪುಸ್ತಕ ಪಟಪಟ ಓದುತ್ತಾಳೆ ಅಂತ ಬೀಗುತ್ತಿದ್ದೆ. ಮೊನ್ನೆ ಚಿತ್ರದ ಮೇಲೆ ಕೈ ಇಟ್ಟು ಓದಿಸಿದೆ. ‘ಹೌಸ್’ ಇದ್ದ ಕಡೆ ‘ಹಾರ್ಸ್’ ಅಂದಳು! ಸ್ಕೂಲಿನಲ್ಲಿ ಇಡೀ ಪದವನ್ನೇ ಕಾರ್ಡಿನಲ್ಲಿ ತೋರಿಸಿ ಹೇಳಿಸುತ್ತಾರಂತೆ. ಪಕ್ಕದ ಮನೆಯವರು ಫೋನಿಕ್ಸ್ (ಅಕ್ಷರಗಳ ಧ್ವನಿ ಕೂಡಿಸಿ ಓದುವುದು) ಕ್ಲಾಸಿಗೆ ಸೇರಿಸಿ ಅಂತಾರೆ, ಫೀಸು ಕೇಳಿ ಬೆಚ್ಚಿಬಿದ್ದೆ. ನಾವೆಲ್ಲ ಅ ಆ ಇ ಈ ತಿದ್ದಿಯೇ ಕಲಿತವರು ಅಲ್ವಾ?

ನಿವೃತ್ತ ಮೇಷ್ಟ್ರು, ಎಚ್.ಡಿ. ಕೋಟೆ:
ತಾಯಿ, ಚಿತ್ರ ಮುಚ್ಚಿದಿರಲ್ಲ, ಅದೇ ಸರಿಯಾದ ಪರೀಕ್ಷೆ. ಇಂಗ್ಲಿಷಿನದ್ದು ತಿಳಿದವರು ಹೇಳಲಿ, ನಾನು ಅ ಆ ಇ ಈ ಬಗ್ಗೆ ಹೇಳುತ್ತೇನೆ. ನಾನೂ ವರ್ಷಗಟ್ಟಲೆ ಅದನ್ನೇ ಹಾಡಿಸಿದವನು. ಮಕ್ಕಳು ರಾಗವಾಗಿ ಹೇಳುತ್ತಿದ್ದರು. ‘ಣ’ ಒಂದನ್ನೇ ತೋರಿಸಿದರೆ ‘ಟ ಠ ಡ ಢ’ದಿಂದ ನಡೆದು ಬರಬೇಕಿತ್ತು.

ಸರ್ಕಾರಿ ಶಾಲೆಗಳಲ್ಲಿ ಕಾರ್ಡು, ಚಟುವಟಿಕೆಗಳ ಮೂಲಕ ಕಲಿಸುವ ನಲಿ-ಕಲಿ ಪದ್ಧತಿ 1995ರಲ್ಲಿ ಶುರುವಾಗಿದ್ದು ನಮ್ಮ ತಾಲ್ಲೂಕಿನಲ್ಲೇ. ಅದರ ಕಾರ್ಡುಗಳಲ್ಲಿ ಮೊದಲು ರ, ಗ, ಸ, ದ, ಅ ನೋಡಿದಾಗ ಸಿಟ್ಟು ಬಂತು. ಇದೇನು ವರ್ಣಮಾಲೆ ಹರಿದು ಚೆಲ್ಲಿದ್ದಾರೆ ಅಂತ. ಆಮೇಲೆ ನೋಡಿದರೆ ಐದೇ ಅಕ್ಷರಕ್ಕೆ ಸರ, ರಸ, ಅರಸ, ಅಗಸ, ಗರಗಸ ಎಲ್ಲ ಬಂದವು. ಒಬ್ಬ ಹುಡುಗ ತಾನೇ ‘ಗದಗ’ ಅಂತ ಬರೆದು ತಂದ. ಅ ಆ ಇ ಈ ಉ ಊ ಕಲಿತವನು ಯಾವ ಪದ ಓದುತ್ತಾನೆ ಹೇಳಿ?

ನಿಜವಾದ ಕಷ್ಟ ಗುಣಿತಾಕ್ಷರ, ಒತ್ತಕ್ಷರದಲ್ಲಿ. ಅರ್ಕಾವೊತ್ತು ಬಂತೋ, ಮುಗಿಯಿತು. ‘ಸೂರ್ಯ’ದಲ್ಲಿ ಕಣ್ಣಿಗೆ ಮೊದಲು ಸಿಗುವುದು ಯ, ಬಾಯಿಗೆ ಬರಬೇಕಾದ್ದು ರ್. ಸುಮ್ನೆ ಪದ ತೋರಿಸಿ ಹೇಳಿಸಿದರೆ ‘ಸೂರ್ಯ’ ಬರುತ್ತದೆ, ‘ಕಾರ್ಯ’ ಬರುವುದಿಲ್ಲ.

ಇಂಗ್ಲೆಂಡಿನಲ್ಲಿರುವ ಅಪ್ಪ:
ಮೇಷ್ಟ್ರ ಮಾತು ಇಲ್ಲಿಗೂ ಹೊಂದುತ್ತದೆ. ಇಲ್ಲಿ 2012ರಿಂದ ಒಂದನೇ ಕ್ಲಾಸಿನ (ಇಯರ್ 1) ಮಕ್ಕಳಿಗೆ ಫೋನಿಕ್ಸ್ ಪರೀಕ್ಷೆ ಇದೆ. 40 ಪದ, ಅದರಲ್ಲಿ 20 ಅರ್ಥವೇ ಇಲ್ಲದವು. ಅವುಗಳ ಪಕ್ಕ ಒಂದು ವಿಚಿತ್ರ ಪ್ರಾಣಿಯ ಚಿತ್ರ. ಊಹೆಗೆ ಜಾಗವೇ ಇಲ್ಲ. ಮನೆಯಲ್ಲೇ ಮಾಡಿ ನೋಡಿ ಮೇಡಂ, ಫೀಸು ಬೇಡ. ಒಂದು ಎಚ್ಚರ: ನಮ್ಮ ಬಾಯಿಗೆ ‘ಬ’ ಅಂದೇ ರೂಢಿ. ‘ಬ-ಆ್ಯ-ಟ’ ಅಂದರೆ ಬ್ಯಾಟ್ ಆಗುವುದಿಲ್ಲ, ಬರೀ ‘ಬ್’, ‘ಟ್’ ಅನ್ನಿ. ನನ್ನನ್ನು ತಿದ್ದಿದ್ದು ನನ್ನ ಮಗನೇ.

ಪುಟ್ಟಿಯ ಅಮ್ಮ:
ರಾತ್ರಿ ‘ಮಿಬ್’ ಅಂತ ಬರೆದು ಕೊಟ್ಟೆ. ‘ಮಿಲ್ಕ್’ ಅಂದಳು. ಹಾಗಾದರೆ ಶುರುವಿನಿಂದಲೇ ಹಿಡಿಯಬೇಕು. ಮೇಷ್ಟ್ರೇ, ನಿಮ್ಮ ‘ಗರಗಸ’ ಮಾತ್ರ ಕೂಡಿಸಿ ಕೂಡಿಸಿ ಓದಿಬಿಟ್ಟಳು. ಆಮೇಲೆ ಹಾಗಂದರೆ ಏನು ಅಂತ ಕೇಳಿದಳು!