ಅಪ್‌ಡೇಟ್: ರೈಲುಪ್ರಿಯ ಮಗನ ಹುಟ್ಟುಹಬ್ಬದ ಪ್ರವಾಸ

ರೈಲೆಂದರೆ ಪ್ರಾಣ ಬಿಡುವ ಮಗನ ಹುಟ್ಟುಹಬ್ಬಕ್ಕೆ ಮೈಸೂರಿನ ರೈಲು ವಸ್ತುಸಂಗ್ರಹಾಲಯವೋ ಸಕಲೇಶಪುರ ಘಾಟಿಯ ಪ್ರಯಾಣವೋ ಎಂದು ಕೇಳಿದ್ದೆ. ಹೆಚ್ಚಿನವರು ಘಾಟಿಯನ್ನೇ ಸೂಚಿಸಿದ್ದರಿಂದ ಯಶವಂತಪುರದಿಂದ ಮಂಗಳೂರಿಗೆ ಹಗಲಿನಲ್ಲಿ ಹೋಗುವ ರೈಲಿನ ವಿಸ್ಟಾಡೋಮ್ (ಗಾಜಿನ ಚಾವಣಿ, ದೊಡ್ಡ ಕಿಟಕಿಗಳಿರುವ) ಬೋಗಿಯಲ್ಲಿ ಆಸನ ಕಾಯ್ದಿರಿಸಿದೆವು.

ಸಕಲೇಶಪುರದಿಂದ ಸುಬ್ರಹ್ಮಣ್ಯ ರೋಡ್‌ವರೆಗಿನ ಸುಮಾರು 55 ಕಿಲೋಮೀಟರ್ ಹಾದಿಯಲ್ಲಿ 57 ಸುರಂಗಗಳಿವೆ ಎಂದು ಮೊದಲೇ ತಿಳಿಸಿ, ಪ್ರತಿಯೊಂದಕ್ಕೂ ಗೆರೆ ಎಳೆಯಲು ಪುಸ್ತಕವೊಂದನ್ನು ಕೊಟ್ಟಿದ್ದು ಚೆನ್ನಾಗಿ ಫಲಿಸಿತು, ಆದರೆ ಎಡಕುಮೇರಿಯ ಬಳಿ ಜಲಪಾತ ಕಂಡ ಮೇಲೆ ಎಣಿಕೆ ತಪ್ಪಿತು. ಐವತ್ತು ಅಡಿ ಸಾಗಿದರೆ ಒಂದು ಅಡಿ ಇಳಿಯುವಷ್ಟು ಕಡಿದಾದ ಮಾರ್ಗವಾದ್ದರಿಂದ ರೈಲು ನಿಧಾನವಾಗಿಯೇ ಚಲಿಸುತ್ತದೆ. ಘಾಟಿ ಏರುವ ರೈಲುಗಳಿಗೆ ಹಿಂದಿನಿಂದ ತಳ್ಳಲು ಬ್ಯಾಂಕರ್ ಎಂಬ ಹೆಚ್ಚುವರಿ ಎಂಜಿನ್ ಜೋಡಿಸುತ್ತಾರೆಂದು ತಿಳಿದ ಮೇಲಂತೂ ಅವನ ಪ್ರಶ್ನೆಗಳಿಗೆ ಕೊನೆಯೇ ಇರಲಿಲ್ಲ.

ಗಾಜಿನ ಚಾವಣಿಗಿಂತ ಬೋಗಿಯ ದೊಡ್ಡ ಕಿಟಕಿಗಳೇ ಮಕ್ಕಳಿಗೆ ಹೆಚ್ಚು ಉಪಯುಕ್ತವೆಂಬುದು ನನ್ನ ಅಭಿಪ್ರಾಯ. ರೈಲಿನಲ್ಲಿ ಬೆಂಕಿಗೆ ಅವಕಾಶವಿಲ್ಲದ ಕಾರಣ ಮೇಣದಬತ್ತಿಯಿಲ್ಲದೆ, ಮನೆಯಿಂದ ತಂದ ಮೈಸೂರು ಪಾಕನ್ನೇ ಕೇಕಿನ ಬದಲು ಹಂಚಿದೆವು. 1979ರಲ್ಲಿ ಸ್ಥಾಪನೆಯಾದ, ಮಹಾರಾಣಿಯ ಸಲೂನ್ (ಐಷಾರಾಮಿ ಖಾಸಗಿ) ಬೋಗಿಯಿರುವ ಮೈಸೂರಿನ ಸಂಗ್ರಹಾಲಯವನ್ನು ದಸರಾ ರಜೆಗೆ ಉಳಿಸಿಕೊಂಡಿದ್ದೇವೆ.